'ಸೈಕೋ' ಅನ್ನುವ ಮೊದಲು: ಕನ್ನಡ ಸುದ್ದಿವಾಹಿನಿಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಸಂಪಾದಕರಿಗೆ ನಮಸ್ಕಾರ.

ನಾನು ಒಂದು ಜಿಲ್ಲಾ ಕೇಂದ್ರದಲ್ಲಿ ಹದಿನಾಲ್ಕು ವರ್ಷದಿಂದ ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಈ ಪತ್ರವನ್ನು ಯಾವತ್ತೋ ಬರೆಯಬೇಕಿತ್ತು. ಬರೆದರೆ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕಾಗುತ್ತದೆ ಅಂತ ಮುಂದೂಡುತ್ತಾ ಬಂದೆ. ಈಗ ಹೇಳಿಬಿಡುತ್ತೇನೆ.

ಹೆಚ್ಚುಕಡಿಮೆ ಎರಡು ವರ್ಷದ ಹಿಂದೆ ನಮ್ಮ ಪಕ್ಕದ ತಾಲ್ಲೂಕಿನಲ್ಲಿ ಒಂದು ಕೊಲೆಯಾಯಿತು. ಗಂಡನೇ ಹೆಂಡತಿಯನ್ನು ಕೊಂದ ಅಂತ ಸುದ್ದಿ. ಮಧ್ಯಾಹ್ನ ಹನ್ನೆರಡಕ್ಕೆ ಆತನನ್ನು ಹಿಡಿದರು. ಎರಡೂವರೆಗೆ ಒಂದು ಚಾನೆಲ್‌ನಿಂದ ನನಗೆ ಫೋನ್. "ಮೇಡಂ, ಎರಡೇ ನಿಮಿಷ, ಲೈವ್‌ಗೆ ಬನ್ನಿ. ಇಂಥವರ ಮನಸ್ಥಿತಿ ಹೇಗಿರುತ್ತೆ ಅಂತ ಹೇಳಿದ್ರೆ ಸಾಕು." ನಾನು ಆತನ ಮುಖ ನೋಡಿರಲಿಲ್ಲ. ಆತನ ಮನೆ, ಕೆಲಸ, ಕುಡಿತ, ಕಾಯಿಲೆ ಯಾವುದೂ ಗೊತ್ತಿರಲಿಲ್ಲ. ಆದರೂ ಒಪ್ಪಿಕೊಂಡೆ. ಒಪ್ಪಿಕೊಂಡು, "ಇಂಥವರಲ್ಲಿ ಚಿಕ್ಕಂದಿನಿಂದಲೇ ಕರುಣೆ ಕಡಿಮೆ ಇರುತ್ತದೆ, ಸುಳ್ಳು ಹೇಳುವುದು ನೀರು ಕುಡಿದಷ್ಟು ಸಲೀಸು, ಯಾರಾದರೂ ನೊಂದರೆ ಇವರಿಗೆ ಅಳು ಬರುವುದಿಲ್ಲ, ಪ್ರಾಣಿಗಳಿಗೆ ಹಿಂಸೆ ಕೊಟ್ಟಿರುತ್ತಾರೆ" ಅಂತ ಪುಸ್ತಕದಲ್ಲಿ ಓದಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಆಂಕರ್ ನಡುವೆ "ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ ಮೇಡಂ" ಅಂದರು. ನಾನು ಅದಕ್ಕೆ ಇಲ್ಲ ಅನ್ನಲಿಲ್ಲ. ಕೆಳಗೆ ಕೆಂಪು ಪಟ್ಟಿಯಲ್ಲಿ 'ಸೈಕೋ ಪತಿ: ಹುಟ್ಟಿನಿಂದಲೇ ಕ್ರೂರಿ ಎಂದ ತಜ್ಞೆ' ಅಂತ ಓಡುತ್ತಿತ್ತು. ಆಮೇಲೆ ನೋಡಿದೆ.

ಐದು ತಿಂಗಳಾದ ಮೇಲೆ ಒಬ್ಬ ತಾಯಿ ಒಂಬತ್ತನೇ ಕ್ಲಾಸಿನ ಮಗನನ್ನು ಕರೆದುಕೊಂಡು ಬಂದರು. ಊಟ ಸೇರಲ್ಲ, ಸ್ಕೂಲಿಗೆ ಹೋಗಲ್ಲ, ರಾತ್ರಿಯೆಲ್ಲ ಎದ್ದು ಕೂತಿರುತ್ತಾನೆ ಅಂದರು. ಹುಡುಗ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. ಕೊನೆಯ ಹಾಳೆಯಲ್ಲಿ, ಪರೀಕ್ಷೆಗೆ ಬರೆದ ಹಾಗೆ ಎಡಗಡೆ ಗೆರೆ ಎಳೆದು, ನಂಬರ್ ಹಾಕಿ ಹದಿನೇಳು ಸಾಲು ಬರೆದಿದ್ದ. 'ಇರುವೆ ಸಾಲಿಗೆ ಬಿಸಿನೀರು ಹಾಕಿದ್ದೆ.' 'ಅಮ್ಮನ ಪರ್ಸಿಂದ ಇಪ್ಪತ್ತು ರೂಪಾಯಿ ತಗೊಂಡು ಇಲ್ಲ ಅಂದಿದ್ದೆ.' 'ನಾಯಿಗೆ ಕಲ್ಲು ಹೊಡೆದಿದ್ದೆ, ತಾಗಲಿಲ್ಲ.' 'ಅಣ್ಣನ್ನ ಕರ್ಕೊಂಡು ಹೋದ ದಿನ ಅಳು ಬರಲಿಲ್ಲ.' ಆ ಆರೋಪಿಯ ತಮ್ಮ ಅವನು. ನನ್ನ ಎರಡು ನಿಮಿಷದ ವಿಡಿಯೋವನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿ, ನಾನು ಹೇಳಿದ ಒಂದೊಂದು ಗುಣಕ್ಕೂ ತನ್ನ ಬದುಕಿನಿಂದ ಸಾಕ್ಷಿ ಹುಡುಕಿ ಬರೆದಿದ್ದ. "ಮೇಡಂ, ನನಗೂ ಅದು ಇದೆಯಾ?" ಅಂತ ಕೇಳಿದ.

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇದನ್ನು ಬರೆಯಲು ಅವನದೂ ಅವನ ತಾಯಿಯದೂ ಒಪ್ಪಿಗೆ ಇದೆ.)

ಸ್ವಭಾವಕ್ಕೂ ಅಪರಾಧಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ನಮ್ಮ ವಿಷಯದಲ್ಲಿ ಇದು ಹಳೆಯ ಹುಡುಕಾಟ. ಲಂಡನ್ನಿನಲ್ಲಿದ್ದ ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್ 1964ರಲ್ಲೇ ಒಂದು ಸಿದ್ಧಾಂತ ಮಂಡಿಸಿದರು. ಕೆಲವರ ನರಮಂಡಲವೇ ಶಿಕ್ಷೆಯಿಂದ ಬೇಗ ಪಾಠ ಕಲಿಯುವುದಿಲ್ಲ, ಅದಕ್ಕೇ ಅಂಥವರಲ್ಲಿ ಮನಸ್ಸಾಕ್ಷಿ ಗಟ್ಟಿಯಾಗಿ ಬೆಳೆಯುವುದಿಲ್ಲ ಅನ್ನುವುದು ಅವರ ವಾದ. ಬಹಿರ್ಮುಖಿಗಳು ಜಾಸ್ತಿ ಅಪರಾಧ ಮಾಡುತ್ತಾರೆ ಅಂದರು. ಆ ಮಾತು ಮುಂದಿನ ಸಂಶೋಧನೆಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಆದರೆ ಹಿಂದೆಮುಂದೆ ಯೋಚಿಸದೆ ನುಗ್ಗುವುದು, ಇನ್ನೊಬ್ಬರ ನೋವು ತಾಗದಿರುವುದು, ಯಾರ ಜೊತೆಗೂ ಹೊಂದಿಕೊಳ್ಳದಿರುವುದು, ಇಂಥ ಗುಣಗಳಿಗೂ ಕಾನೂನು ಮುರಿಯುವುದಕ್ಕೂ ನಂಟು ಇದೆ ಅಂತ ದೇಶದೇಶಗಳಲ್ಲಿ ಕಂಡುಬಂದಿದೆ.

ನಂಟು ಇದೆ ಅಂದರೆ ಏನು? ಇಲ್ಲೇ ನಾವೆಲ್ಲ ಎಡವುವುದು. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972 ಮತ್ತು 1973ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಮೂರನೇ ವಯಸ್ಸಿನಿಂದ ಇವತ್ತಿನವರೆಗೂ ಹಿಂಬಾಲಿಸಿಕೊಂಡು ಬಂದ ಒಂದು ಅಧ್ಯಯನ ಇದೆ. ಚಿಕ್ಕವರಿದ್ದಾಗ ಅವರಿಗೆ ತಮ್ಮ ಮೇಲೆ ಎಷ್ಟು ಹಿಡಿತ ಇತ್ತು ಅಂತ ಅಳೆದರು. ಅಪ್ಪ ಅಮ್ಮ, ಟೀಚರುಗಳು, ಕೊನೆಗೆ ಮಕ್ಕಳನ್ನೂ ಕೇಳಿದರು. 32ನೇ ವಯಸ್ಸಿಗೆ ಬರುವಷ್ಟರಲ್ಲಿ, ಹಿಡಿತ ತೀರಾ ಕಡಿಮೆ ಇದ್ದ ಐದನೇ ಒಂದು ಭಾಗದ ಮಕ್ಕಳಲ್ಲಿ ನೂರಕ್ಕೆ 43 ಮಂದಿಗೆ ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿತ್ತು. ಹಿಡಿತ ಜಾಸ್ತಿ ಇದ್ದ ಐದನೇ ಒಂದು ಭಾಗದಲ್ಲಿ ನೂರಕ್ಕೆ 13. ದೊಡ್ಡ ವ್ಯತ್ಯಾಸವೇ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ಓದಿ. ಅತಿ ಕಡಿಮೆ ಹಿಡಿತದ ಮಕ್ಕಳಲ್ಲೂ ನೂರಕ್ಕೆ 57 ಮಂದಿಗೆ ಯಾವ ಶಿಕ್ಷೆಯೂ ಆಗಿರಲಿಲ್ಲ. ಅತಿ ಶಿಸ್ತಿನ ಮಕ್ಕಳಲ್ಲೂ 13 ಮಂದಿಗೆ ಆಗಿತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ಬೆಳೆಯುತ್ತಾ ಕೆಲವು ಮಕ್ಕಳ ಹಿಡಿತ ಸುಧಾರಿಸಿತ್ತು, ಅವರ ಬದುಕೂ ಅದಕ್ಕೆ ತಕ್ಕ ಹಾಗೆ ಸುಧಾರಿಸಿತ್ತು. ಸುಟ್ಟರೂ ಹೋಗದ ಗುಣ ಅಲ್ಲ ಅದು.

ಸಾವಿರ ಜನರ ಬಗ್ಗೆ ಹೇಳಬಹುದಾದದ್ದನ್ನು ಒಬ್ಬ ಮನುಷ್ಯನ ಹಣೆಗೆ ಅಂಟಿಸುವುದಕ್ಕೆ ಆಗುವುದಿಲ್ಲ. ನಮ್ಮ ಕಡೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ವರ್ಷ ಮಳೆ ಕಡಿಮೆ ಅಂತ ಹವಾಮಾನದವರು ಹೇಳಿದರೆ, ನನ್ನ ಹೊಲಕ್ಕೆ ನಾಳೆ ಮಳೆ ಬರಲ್ಲ ಅಂತ ಅರ್ಥ ಅಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಇನ್ನು ಆ 'ಸೈಕೋ' ಅನ್ನುವ ಪದ. ನೀವು ಅದನ್ನು ಎರಡು ಅರ್ಥಕ್ಕೆ ಬಳಸುತ್ತೀರಿ. ಒಮ್ಮೆ ಕಲ್ಲುಹೃದಯದವನು ಅಂತ, ಇನ್ನೊಮ್ಮೆ ಹುಚ್ಚ ಅಂತ. ಎರಡೂ ಬೇರೆ ಬೇರೆ. ತೀವ್ರ ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಜಾಸ್ತಿ. ಸ್ಕಿಜೋಫ್ರೇನಿಯಾ ಇರುವ ಮಗನ ಮಾತ್ರೆಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು, "ಪಕ್ಕದ ಮನೆಯವರಿಗೆ ಗೊತ್ತಾದರೆ ಸೈಕೋ ಮನೆ ಅಂತಾರೆ" ಅಂತ ನನ್ನ ಮುಂದೆ ಅತ್ತ ತಾಯಂದಿರು ಒಬ್ಬಿಬ್ಬರಲ್ಲ. ಇನ್ನು ಮೊದಲನೆಯ ಅರ್ಥಕ್ಕೆ ಬಂದರೆ, ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿದ ಒಂದು ಅಳತೆಪಟ್ಟಿ ಇದೆ. 20 ಅಂಶ, ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 40. ಉತ್ತರ ಅಮೆರಿಕದಲ್ಲಿ 30 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸೈಕೋಪಾತ್ ಅಂತ ಪರಿಗಣಿಸುತ್ತಾರೆ. ಅಲ್ಲಿಯ ಜೈಲುಗಳಲ್ಲಿ ಇರುವವರಲ್ಲೇ ಬಹುಪಾಲು ಜನ ಆ ಗೆರೆ ದಾಟುವುದಿಲ್ಲ. ಅದನ್ನು ತುಂಬಬೇಕಾದರೆ ತರಬೇತಿ ಆಗಿರಬೇಕು, ಆ ಮನುಷ್ಯನ ಜೊತೆ ಗಂಟೆಗಟ್ಟಲೆ ಕೂತು ಮಾತಾಡಬೇಕು, ಹಳೆಯ ದಾಖಲೆ ತಿರುವಿ ನೋಡಬೇಕು. ಇಷ್ಟಾದರೂ ಆ ಪಟ್ಟಿಯ ಮೇಲೆ ಒಂದು ಆಕ್ಷೇಪ ಉಳಿದೇ ಇದೆ. ಅದರ ಕೆಲವು ಅಂಶಗಳು ಹಿಂದೆ ಮಾಡಿದ ಅಪರಾಧಗಳನ್ನೇ ಎಣಿಸುತ್ತವೆ. ಅಪರಾಧ ಎಣಿಸಿ ಗುಣ ಕಂಡುಹಿಡಿದು, ಆ ಗುಣದಿಂದ ಅಪರಾಧಕ್ಕೆ ಕಾರಣ ಕೊಟ್ಟರೆ ಹೇಗೆ, ಅಲ್ವಾ? ಟಿವಿಯಲ್ಲಂತೂ ಇದು ಇನ್ನೂ ಬೆತ್ತಲೆಯಾಗಿ ನಡೆಯುತ್ತದೆ. ಯಾಕೆ ಕೊಂದ? ಸೈಕೋ, ಅದಕ್ಕೆ. ಸೈಕೋ ಅಂತ ಹೇಗೆ ಗೊತ್ತು? ಕೊಂದನಲ್ಲ!

ನೋಡದೆ ಹೇಳುವ ಈ ಚಾಳಿ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ಪ್ರಕರಣ ಆಯಿತು. ಥಾಮಸ್ ಬೇರ್‌ಫೂಟ್ ಅನ್ನುವವನು 1978ರಲ್ಲಿ ಒಬ್ಬ ಪೊಲೀಸ್ ಅಧಿಕಾರಿಯನ್ನು ಕೊಂದ ಆರೋಪ. ಮರಣದಂಡನೆ ಕೊಡಬೇಕಾದರೆ ಈತ ಮುಂದೆಯೂ ಅಪಾಯಕಾರಿ ಅಂತ ಸಾಬೀತಾಗಬೇಕಿತ್ತು. ಜೇಮ್ಸ್ ಗ್ರಿಗ್ಸನ್ ಅನ್ನುವ ಮನೋವೈದ್ಯ ಅವನನ್ನು ಒಂದು ಸಲವೂ ಪರೀಕ್ಷಿಸದೆ, ವಕೀಲರು ಹೇಳಿದ ಕಥೆ ಕೇಳಿ, ಮತ್ತೆ ಹಿಂಸೆ ಮಾಡುವುದು ನೂರಕ್ಕೆ ನೂರು ಖಚಿತ ಅಂತ ಸಾಕ್ಷಿ ಹೇಳಿದರು. ಇಂಥ ಭವಿಷ್ಯ ಮೂರರಲ್ಲಿ ಎರಡು ಸಲ ತಪ್ಪಾಗುತ್ತದೆ ಅಂತ ಅಲ್ಲಿಯ ಮನೋವೈದ್ಯರ ಸಂಘವೇ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿತು. ಕೋರ್ಟು 1983ರಲ್ಲಿ ಆ ಸಾಕ್ಷ್ಯವನ್ನು ಒಪ್ಪಿಕೊಂಡಿತು. 1984ರಲ್ಲಿ ಬೇರ್‌ಫೂಟ್‌ನನ್ನು ಕೊಂದರು. ಗ್ರಿಗ್ಸನ್ನರನ್ನು ಸಂಘದಿಂದ ಹೊರಗೆ ಹಾಕಿದ್ದು 1995ರಲ್ಲಿ. ಅದೇ ಸಂಘದಲ್ಲಿ 1973ರಿಂದಲೇ ಇನ್ನೊಂದು ನಿಯಮವೂ ಇದೆ. ತಾನು ಪರೀಕ್ಷಿಸದ ವ್ಯಕ್ತಿಯ ಮನಸ್ಸಿನ ಬಗ್ಗೆ ಮನೋವೈದ್ಯರು ಸಾರ್ವಜನಿಕವಾಗಿ ಅಭಿಪ್ರಾಯ ಕೊಡಬಾರದು ಅಂತ. ಅವತ್ತು ಎರಡೂವರೆಗೆ ಫೋನ್ ಬಂದಾಗ ಈ ಎರಡೂ ವಿಷಯ ನನಗೆ ಗೊತ್ತಿತ್ತು. ಅದೇ ನನ್ನನ್ನು ಇವತ್ತಿಗೂ ಜಾಸ್ತಿ ಚುಚ್ಚುವುದು.

ಅಮೆರಿಕ ಯಾಕೆ, ನಮ್ಮ ಮನೆ ಅಂಗಳಕ್ಕೇ ಬನ್ನಿ. ಇಟಲಿಯ ವೈದ್ಯ ಲೊಂಬ್ರೋಸೋ 1876ರಲ್ಲಿ 'ಹುಟ್ಟು ಅಪರಾಧಿ'ಯನ್ನು ದವಡೆ, ಹಣೆ, ಕಿವಿ ನೋಡಿ ಗುರುತಿಸಬಹುದು ಅಂತ ವಾದಿಸಿದ. ಅದಕ್ಕೆ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ಇಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿದ್ದರು. ಒಬ್ಬನ ಗುಣ ಅಲ್ಲ, ಇಡೀ ಸಮುದಾಯದ ಹುಟ್ಟೇ ಅಪರಾಧ ಅಂತ ಬರೆದುಕೊಂಡರು. ಆ ಕಾಯ್ದೆ ಆಮೇಲೆ ನಮ್ಮ ಕಡೆಗೂ ಬಂತು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಇವತ್ತಿಗೂ ಸೆಟ್ಲಮೆಂಟ್ ಅಂತ ಕರೆಯುವ ಜಾಗಗಳಿವೆಯಲ್ಲ, ಅವು ಆ ಕಾಲದ ಗುರುತು. ಅಲ್ಲಿ ಕೂಡಿಹಾಕಿದ್ದ ಆ ಸಮುದಾಯಗಳವರು ಹಾಜರಿ ಹಾಕಬೇಕಿತ್ತು, ಹೊರಗೆ ಹೋಗಬೇಕಾದರೆ ಪಾಸ್ ತೋರಿಸಬೇಕಿತ್ತು. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ಆ ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ. ಊರಿನಲ್ಲಿ ಕಳ್ಳತನವಾದರೆ ಮೊದಲು ಅವರ ಮನೆ ಬಾಗಿಲು ತಟ್ಟುವುದು ಎಪ್ಪತ್ತು ವರ್ಷದ ಮೇಲೂ ನಿಂತಿಲ್ಲ. 'ಹುಟ್ಟಿನಿಂದಲೇ ಕ್ರೂರಿ' ಅಂತ ನೀವು ಹಾಕಿದ ಪಟ್ಟಿಯನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅದು.

ಇನ್ನೊಂದು ದೊಡ್ಡ ನಷ್ಟ ಇದೆ. ಗುಣದ ಮೇಲೆ ಎಲ್ಲವನ್ನೂ ಹೊರಿಸಿದ ತಕ್ಷಣ ಕೇಳಬೇಕಾದ ಪ್ರಶ್ನೆಗಳು ಸತ್ತುಹೋಗುತ್ತವೆ. ಸೈನೈಡ್ ಮೋಹನ್ ಅಂತ ನೀವೆಲ್ಲ ಕರೆದ ಆ ದಕ್ಷಿಣ ಕನ್ನಡದ ಮೇಷ್ಟ್ರನ್ನೇ ತೆಗೆದುಕೊಳ್ಳಿ. 2003ರಿಂದ 2009ರವರೆಗೆ 20 ಮಹಿಳೆಯರ ಕೊಲೆ ಪ್ರಕರಣ ಅವನ ಮೇಲೆ. ಮದುವೆಯಾಗುತ್ತೇನೆ ಅಂತ ನಂಬಿಸಿ, ಲಾಡ್ಜಿಗೆ ಕರೆದುಕೊಂಡು ಹೋಗಿ, ಮರುದಿನ ಬೆಳಗ್ಗೆ ಗರ್ಭ ನಿಲ್ಲದಿರುವ ಮಾತ್ರೆ ಅಂತ ಸೈನೈಡ್ ಕೊಟ್ಟು ಬಸ್ ಸ್ಟ್ಯಾಂಡ್ ಶೌಚಾಲಯಕ್ಕೆ ಕಳಿಸುತ್ತಿದ್ದ. ಲಾಡ್ಜಿನಲ್ಲಿ ಬಿಚ್ಚಿಡಿಸಿದ ಒಡವೆ ಅವನ ಪಾಲು. ಮುನ್ನುಗ್ಗುವ ಸ್ವಭಾವ, ಹಿಡಿತವಿಲ್ಲದ ಮನಸ್ಸು ಇದರಲ್ಲಿ ಎಲ್ಲಿದೆ? ತಣ್ಣಗೆ ಲೆಕ್ಕ ಹಾಕಿ ಮಾಡಿದ ಕೆಲಸ. ಕುಡಿದ ಜಗಳದಲ್ಲಿ ಚಾಕು ಹಾಕಿದವನಿಗೂ ಇವನಿಗೂ ನಿಮ್ಮಲ್ಲಿ ಒಂದೇ ಪದ. ಸರಿ, ಅವನ ಗುಣವನ್ನು ಎಷ್ಟು ಬೇಕಾದರೂ ಅಳೆಯೋಣ. ಆದರೆ ಒಂದೇ ರೀತಿ, ಬಸ್ ಸ್ಟ್ಯಾಂಡ್ ಶೌಚಾಲಯದಲ್ಲಿ, ಒಳಗಿಂದ ಚಿಲಕ ಹಾಕಿದ ಬಾಗಿಲ ಹಿಂದೆ, ಯುವತಿಯರ ಹೆಣಗಳು ಬೇರೆ ಬೇರೆ ಊರುಗಳಲ್ಲಿ ಸಿಗುತ್ತಿದ್ದವು. ಆರು ವರ್ಷ ಅವನ್ನು ಯಾರೂ ಒಂದಕ್ಕೊಂದು ಜೋಡಿಸಲಿಲ್ಲ ಯಾಕೆ? ಬಡ ಮನೆಯ, ವರದಕ್ಷಿಣೆಗೆ ದಿಕ್ಕಿಲ್ಲದೆ ಮದುವೆಯಾಗದೆ ಉಳಿದ ಹೆಣ್ಣುಮಕ್ಕಳು ಕಾಣೆಯಾದರೆ 'ಯಾರ ಜೊತೆಗೋ ಹೋಗಿರಬೇಕು' ಅಂತ ಸುಮ್ಮನಾದವರು ಯಾರು? 2009ರಲ್ಲಿ ಬಂಟ್ವಾಳದ ಕಡೆಯ ಒಬ್ಬ ಯುವತಿ ಕಾಣೆಯಾದಾಗ ಊರಿನವರು ಬಿಡದೆ ಹಠ ಹಿಡಿದರು, ಫೋನ್ ಕರೆಗಳ ಜಾಡು ಹಿಡಿದ ಪೊಲೀಸರಿಗೆ ಒಬ್ಬಳಿಂದ ಇನ್ನೊಬ್ಬಳ ಎಳೆ ಸಿಕ್ಕಿತು. ಅವನು ಸಿಕ್ಕಿಬಿದ್ದದ್ದು ಹೀಗೆ. ಅವನ ಮನಸ್ಸಿನ ವಿಶ್ಲೇಷಣೆಯಿಂದ ಅಲ್ಲ.

ನಾನು ಟಿವಿಯಲ್ಲಿ ಮಾತಾಡಿದ ಆ ಪ್ರಕರಣದಲ್ಲೂ ಇದೇ ಆಯಿತು. ಸತ್ತ ಆ ಹೆಣ್ಣುಮಗಳು ಸಾಯುವ ಮೊದಲು ಎರಡು ಸಲ ಪೊಲೀಸ್ ಠಾಣೆಗೆ ಹೋಗಿದ್ದಳು. ಎರಡು ಸಲವೂ "ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ" ಅಂತ ವಾಪಸ್ ಕಳಿಸಿದ್ದರು. ಇದನ್ನು ನನಗೆ ಹೇಳಿದ್ದು ಆರೋಪಿಯ ತಾಯಿಯೇ, ತಲೆ ತಗ್ಗಿಸಿಕೊಂಡು. ಎರಡನೇ ಸಲ ಸೊಸೆಯ ಜೊತೆ ಠಾಣೆಗೆ ಹೋಗಿದ್ದವರು ಅವರೇ. ಕೌಟುಂಬಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ ಬಂದದ್ದು 2005ರಲ್ಲಿ. ಅದರಲ್ಲಿ ಸಂರಕ್ಷಣಾಧಿಕಾರಿ ಅಂತ ಒಬ್ಬರು ಇರುತ್ತಾರೆ ಅನ್ನುವುದನ್ನು ಆ ಇಬ್ಬರಿಗೂ ಯಾರೂ ಹೇಳಿರಲಿಲ್ಲ. ಅವತ್ತು ನಿಮ್ಮ ಚಾನೆಲ್ಲುಗಳಲ್ಲಿ ಸಂಜೆಯವರೆಗೂ ಆತನ ಮನಸ್ಥಿತಿಯ ಚರ್ಚೆ ನಡೆಯಿತು. ಆಕೆ ಯಾವತ್ತು ದೂರು ಕೊಟ್ಟಿದ್ದಳು, ಆ ದೂರು ಏನಾಯಿತು ಅಂತ ಒಬ್ಬರೂ ಕೇಳಲಿಲ್ಲ. ಆತ 'ಸೈಕೋ' ಆದ ಮೇಲೆ ಕೇಳುವುದಕ್ಕೆ ಏನು ಉಳಿಯಿತು? ಠಾಣೆಯವರ ತಪ್ಪಿಲ್ಲ, ಊರಿನವರ ತಪ್ಪಿಲ್ಲ, ರಾತ್ರಿಯೆಲ್ಲ ಗಲಾಟೆ ಕೇಳಿಸಿಕೊಂಡು ಟಿವಿ ಸೌಂಡ್ ಜಾಸ್ತಿ ಮಾಡಿಕೊಂಡ ಪಕ್ಕದ ಮನೆಯವರ ತಪ್ಪೂ ಇಲ್ಲ. ಆತ ಮಾಡಿದ್ದಕ್ಕೆ ಆತನೇ ಹೊಣೆ, ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಹೇಳಬೇಕೆಂದರೆ ಈ ಪದ ಆ ಹೊಣೆಯನ್ನೂ ಹಗುರ ಮಾಡುತ್ತದೆ. ಹುಟ್ಟಿದ್ದೇ ಹಾಗೆ ಅಂದ ಮೇಲೆ ಆತನನ್ನಾದರೂ ಯಾಕೆ ಕೇಳಬೇಕು?

ಮಕ್ಕಳ ವಿಷಯಕ್ಕೆ ಬಂದಾಗಲಂತೂ ದಯವಿಟ್ಟು ನಿಲ್ಲಿಸಿ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ 16ರಿಂದ 18ರೊಳಗಿನ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಬಂದರೆ, ಆತನ ಮಾನಸಿಕ, ದೈಹಿಕ ಸಾಮರ್ಥ್ಯ, ಪರಿಣಾಮ ಅರಿಯುವ ಶಕ್ತಿ, ಆ ಸಂದರ್ಭ ಇವನ್ನು ಬಾಲನ್ಯಾಯ ಮಂಡಳಿ ಮೊದಲು ಪರಿಶೀಲಿಸಬೇಕು. ಅದಕ್ಕೆ ಕಾನೂನು ಮೂರು ತಿಂಗಳ ಸಮಯ ಕೊಟ್ಟಿದೆ. ಮಂಡಳಿಯ ಸದಸ್ಯರಲ್ಲಿ ಯಾರಿಗೂ ಮನಶ್ಶಾಸ್ತ್ರದ ಓದು ಇಲ್ಲದಿದ್ದರೆ ತಜ್ಞರ ನೆರವು ತೆಗೆದುಕೊಳ್ಳಲೇಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಮಾಜವಿರೋಧಿ ವ್ಯಕ್ತಿತ್ವ ಅನ್ನುವ ರೋಗನಿರ್ಣಯವನ್ನು 18 ತುಂಬುವ ಮೊದಲು ಯಾರಿಗೂ ಕೊಡುವ ಹಾಗಿಲ್ಲ. ಯಾಕೆಂದರೆ ಆ ವಯಸ್ಸಿನಲ್ಲಿ ತಪ್ಪು ದಾರಿ ಹಿಡಿದ ಹುಡುಗರಲ್ಲಿ ಜಾಸ್ತಿ ಜನ ಮೀಸೆ ಬಲಿಯುವ ಹೊತ್ತಿಗೆ ತಾವಾಗಿಯೇ ಬಿಟ್ಟುಬಿಡುತ್ತಾರೆ. ಮನಶ್ಶಾಸ್ತ್ರಜ್ಞೆ ಟೆರ್ರಿ ಮೊಫಿಟ್ 1993ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ನಮ್ಮ ಹಳೆಯ ಹೈಸ್ಕೂಲ್ ಮೇಷ್ಟ್ರುಗಳಿಗೂ ಇದು ಗೊತ್ತಿತ್ತು. ಕಾನೂನು ಮೂರು ತಿಂಗಳು ಕೊಟ್ಟದ್ದನ್ನು ನೀವು ಪಕ್ಕದ ಮನೆಯವರ ಒಂದು ಬೈಟ್‌ನಲ್ಲಿ ಮುಗಿಸುತ್ತೀರಿ. ಮುಖ ಮಬ್ಬು ಮಾಡಿ ಬೀದಿ, ಶಾಲೆ, ಅಪ್ಪನ ಅಂಗಡಿ ತೋರಿಸಿದರೆ ಗುರುತು ಮುಚ್ಚಿದ ಹಾಗಾಗುವುದಿಲ್ಲ. ಅದೇ ಕಾಯ್ದೆಯ 74ನೇ ಸೆಕ್ಷನ್ ಅದನ್ನು ಅಪರಾಧ ಅನ್ನುತ್ತದೆ.

ನಾನು ಕೇಳುವುದು ಇಷ್ಟು. 'ಸೈಕೋ' ಅನ್ನುವ ಪದವನ್ನು ನಿಮ್ಮ ಪಟ್ಟಿಗಳಿಂದ, ಥಂಬ್‌ನೇಲ್‌ಗಳಿಂದ ತೆಗೆಯಿರಿ. ಆರೋಪಿಯನ್ನು ನೋಡದ ಯಾರನ್ನೂ, ಎಷ್ಟೇ ದೊಡ್ಡ ಡಿಗ್ರಿ ಇದ್ದರೂ, ಆತನ ಮನಸ್ಸಿನ ಬಗ್ಗೆ ಕೇಳಬೇಡಿ. ನೋಡಿ ಪರೀಕ್ಷಿಸಿದವರು ಅದನ್ನು ನಿಮಗೆ ಹೇಳುವ ಹಾಗಿಲ್ಲ, ಕೋರ್ಟಿಗೆ ಹೇಳುತ್ತಾರೆ. ನಮ್ಮ ವೃತ್ತಿಯವರಿಗೂ ಒಂದು ಮಾತು, ಫೋನ್ ಬಂದಾಗ ಇಲ್ಲ ಅನ್ನಿ. ಹಾಗಂತ ನಮ್ಮನ್ನು ಕರೆಯಲೇಬೇಡಿ ಅಂತಲ್ಲ. ಹೊಡೆತ ತಿನ್ನುವ ಹೆಣ್ಣುಮಗಳು ಯಾಕೆ ಮನೆ ಬಿಟ್ಟು ಬರುವುದಿಲ್ಲ, ಯಾವ ಲಕ್ಷಣ ಕಂಡರೆ ಜೀವಕ್ಕೆ ಅಪಾಯ ಅಂತ ತಿಳಿಯಬೇಕು, ಕುತ್ತಿಗೆ ಹಿಸುಕಿದ್ದು ಒಂದು ಸಲವೇ ಆದರೂ ಅದನ್ನು ಯಾಕೆ ಹಗುರವಾಗಿ ತೆಗೆದುಕೊಳ್ಳಬಾರದು, ಇದನ್ನೆಲ್ಲ ಕೇಳಿ. ಎರಡು ನಿಮಿಷ ಅಲ್ಲ, ಅರ್ಧ ಗಂಟೆ ಕೂತು ಹೇಳುತ್ತೇನೆ. ಆ ಕೆಂಪು ಪಟ್ಟಿಯಲ್ಲಿ ಮಹಿಳಾ ಸಹಾಯವಾಣಿ 181 ಓಡಲಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಓಡಲಿ.

ಆ ಹುಡುಗ ಒಂದು ವರ್ಷ ನನ್ನ ಹತ್ತಿರ ಬಂದ. ಹದಿನೇಳು ಸಾಲಿನ ಎದುರಿಗೆ, ಗೆರೆಯ ಆಚೆ, ಇಬ್ಬರೂ ಕೂತು ಉತ್ತರ ಬರೆದೆವು. ಇರುವೆಗೆ ಬಿಸಿನೀರು ಹಾಕಿದ ದಿನ ಅವನಿಗೆ ಆರು ವರ್ಷ. ನಾಯಿಗೆ ಕಲ್ಲು ಹೊಡೆದದ್ದು ಅದು ಅಟ್ಟಿಸಿಕೊಂಡು ಬಂದದ್ದಕ್ಕೆ. ಅಳು ಬರಲಿಲ್ಲ ಅನ್ನುವ ಸಾಲನ್ನು ಮಾತ್ರ ಅವನು ಬಹಳ ದಿನ ಖಾಲಿ ಬಿಡಿಸಿದ. ಶನಿವಾರ ಬೆಳಗಿನ ಸ್ಕೂಲು, ಅಮ್ಮ ಏಳುವ ಮೊದಲೇ ಅತ್ತಿಗೆ ಎದ್ದು ಎರಡು ಚಪಾತಿಗೆ ಸಕ್ಕರೆ ಹಾಕಿ ಸುತ್ತಿ ಕೈಗೆ ಕೊಡುತ್ತಿದ್ದಳಂತೆ. ಅದನ್ನು ಹೇಳುವಾಗ ಅತ್ತ.

ಆ ವಿಡಿಯೋ ಇನ್ನೂ ನಿಮ್ಮಲ್ಲಿ ಒಬ್ಬರ ಪುಟದಲ್ಲಿದೆ. ತೆಗೆಯಿರಿ ಅಂತ ಎರಡು ಸಲ ಪತ್ರ ಬರೆದೆ, ಉತ್ತರ ಬರಲಿಲ್ಲ. ಅವನು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಬರುವ ಜೂನ್‌ನಲ್ಲಿ, ಯಾರಿಗೂ ಅವನ ಪರಿಚಯವಿಲ್ಲದ ಒಂದು ಊರಿನಲ್ಲಿ ಪಿಯುಸಿಗೆ ಸೇರುತ್ತಾನೆ. ಅಷ್ಟರೊಳಗೆ ಅದನ್ನು ತೆಗೆಸಿಕೊಡಿ.

ಇಂತಿ,
ಅವತ್ತು ನಿಮ್ಮ ಪರದೆಯ ಮೇಲೆ 'ತಜ್ಞೆ' ಆಗಿದ್ದವಳು